ಐಟಿ ಡಿಪಾರ್ಟ್‌ಮೆಂಟ್ ಅಂದ್ರೆ ಪಾಸ್‌ವರ್ಡ್ ರಿಸೆಟ್ ಮಾಡೋರಾ?

ನಮ್ಮ ಕರಜಗಿ ಕಡೆ ‘ಹುಡುಗ ಸಾಫ್ಟ್‌ವೇರ್‌ನ್ಯಾಗ ಅದಾನ’ ಅಂದ್ರೆ ಜನ ಎರಡೇ ಅರ್ಥ ಮಾಡ್ಕೋತಾರೆ. ಒಂದೋ ಅವನು ರಾತ್ರಿಯೆಲ್ಲಾ ಕೂತು ಅಮೆರಿಕದವರ ಕೆಲಸ ಮಾಡಿಕೊಡ್ತಾನೆ, ಇಲ್ಲಾ ಮೊಬೈಲ್ ಆ್ಯಪ್ ಮಾಡ್ತಾನೆ. ಆದರೆ ಎಂಜಿನಿಯರಿಂಗ್ ಮುಗಿಸಿದ ಎಷ್ಟೋ ಹುಡುಗ ಹುಡುಗಿಯರು ಈ ಎರಡರಲ್ಲೂ ಇಲ್ಲ. ಬ್ಯಾಂಕಿನಲ್ಲಿ, ದೊಡ್ಡ ಆಸ್ಪತ್ರೆಯಲ್ಲಿ, ವಾಡಿ-ಸೇಡಂ ಕಡೆ ಇರುವಂಥ ಸಿಮೆಂಟ್ ಫ್ಯಾಕ್ಟರಿಗಳಲ್ಲಿ, ಬಟ್ಟೆ ಮಾರುವ ಕಂಪನಿಗಳಲ್ಲಿ ‘ಐಟಿ ಡಿಪಾರ್ಟ್‌ಮೆಂಟ್’ ಅಂತ ಒಂದು ಮೂಲೆ ಇರುತ್ತೆ. ಅಲ್ಲಿ ಕೂತಿರ್ತಾರೆ. ಕಂಪನಿ ಮಾರೋದು ಸಿಮೆಂಟು ಅಥವಾ ಬಟ್ಟೆ, ಸಾಫ್ಟ್‌ವೇರ್ ಅಲ್ಲ. ಹಾಗಾಗಿ ಇವರ ಮರ್ಯಾದೆ ಅಷ್ಟಕ್ಕಷ್ಟೇ. ಪ್ರಿಂಟರ್ ನಿಂತರೆ ಫೋನು, ಪಾಸ್‌ವರ್ಡ್ ಮರೆತರೆ ಫೋನು. ಎಲ್ಲ ಸರಿ ಇದ್ದರೆ ಯಾರಿಗೂ ನೆನಪಿಲ್ಲ.

ನಾನೂ ಅಂಥ ಮೂಲೆಯವನೇ. ಊರಿಗೆ ಹೋದಾಗ ಕಾಕಾ ಕೇಳ್ತಾರೆ, ‘ಅಲ್ಲೋ ತಮ್ಮಾ, ನಿಮ್ಮ ಕಂಪ್ನಿ ಮಾರೋದೇ ಬ್ಯಾರೆ ಅಂತಿ. ಮತ್ತ ನಿನಗ ಯಾಕ ಪಗಾರ ಕೊಡ್ತಾರ?’ ನಗೋ ಮಾತಲ್ಲ ಇದು. ಎಷ್ಟೋ ಕಂಪನಿಗಳ ಮಾಲೀಕರೂ ಇದನ್ನೇ ಬೇರೆ ಭಾಷೆಯಲ್ಲಿ ಕೇಳ್ತಾರೆ. ಐಟಿಗೆ ಇಷ್ಟು ಕೋಟಿ ಸುರಿದೆವು, ಬಂದದ್ದೇನು?

ಈ ಪ್ರಶ್ನೆ ಹಳೆಯದು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ರಿಚರ್ಡ್ ನೋಲನ್ ಅನ್ನುವವರು 1970ರ ದಶಕದಲ್ಲೇ ಕಂಪನಿಗಳ ಕಂಪ್ಯೂಟರ್ ವಿಭಾಗಗಳು ಹೇಗೆ ಬೆಳೀತವೆ ಅಂತ ನೋಡಿ, 1979ರಲ್ಲಿ ಆರು ಮೆಟ್ಟಿಲು ಬರೆದಿಟ್ಟರು. ಮೊದಲು ಲೆಕ್ಕಪತ್ರಕ್ಕೆ ಅಂತ ಒಂದು ಮಷೀನ್ ಬರುತ್ತೆ. ಅದನ್ನ ನೋಡಿ ಪ್ರತಿ ವಿಭಾಗದವರೂ ‘ನಮಗೂ ಬೇಕು’ ಅಂತಾರೆ. ಖರ್ಚು ಕೈಮೀರಿದಾಗ ಯಜಮಾನರು ಲಗಾಮು ಹಾಕ್ತಾರೆ. ಆಮೇಲೆ ಬಿಡಿಬಿಡಿಯಾಗಿದ್ದದ್ದನ್ನು ಜೋಡಿಸೋ ಕೆಲಸ, ಆಮೇಲೆ ಮಷೀನ್‌ಗಿಂತ ಒಳಗಿನ ಮಾಹಿತಿಯೇ ಆಸ್ತಿ ಅನ್ನೋ ಅರಿವು, ಕೊನೆಗೆ ಪಕ್ವತೆ. ಕೇಳೋಕೆ ಚೆಂದ. ಆದರೆ ಪುಸ್ತಕ ಓದಿ ನನಗೆ ಇದು ಅರ್ಥ ಆಗಲಿಲ್ಲ. ಅರ್ಥ ಆಗಿದ್ದು ನಮ್ಮ ಮನೆಯ ಟ್ರಂಕಿನಲ್ಲಿರುವ ಪಹಣಿಯಿಂದ.

ಪಹಣಿ ಹೇಳುವ ಕಥೆ

ಕಂದಾಯ ಇಲಾಖೆ ಕಂಪನಿ ಅಲ್ಲ, ಒಪ್ಪಿದೆ. ಆದರೆ ಲೆಕ್ಕದ ಪುಸ್ತಕ, ಕೌಂಟರ್, ಗಿರಾಕಿ, ಮೇಲಧಿಕಾರಿ ಎಲ್ಲ ಇರುವ ದೊಡ್ಡ ಸಂಸ್ಥೆ ಅದು. ಅದರ ಕಂಪ್ಯೂಟರ್ ಕೆಲಸ ಹೇಗೆ ಬಲಿಯಿತು ಅನ್ನೋದನ್ನು ಕರ್ನಾಟಕದ ಪ್ರತಿ ರೈತನೂ ಕಣ್ಣಾರೆ ಕಂಡಿದ್ದಾನೆ.

ಭೂಮಿ ದಾಖಲೆ ಕಂಪ್ಯೂಟರಿಗೆ ಹಾಕುವ ಪ್ರಯತ್ನ ನಮ್ಮ ರಾಜ್ಯದಲ್ಲಿ ಶುರುವಾದದ್ದು 1991ರಲ್ಲಿ, ಕೇಂದ್ರ ಸರ್ಕಾರದ ದುಡ್ಡಿನಲ್ಲಿ, ಪ್ರಾಯೋಗಿಕವಾಗಿ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯ್ತು. ಆದರೂ ರೈತನಿಗೆ ಒಂದು ಕಾಗದದಷ್ಟೂ ಲಾಭ ಆಗಲಿಲ್ಲ. ಕಾರಣ ಸರಳ. ಕಂಪ್ಯೂಟರ್ ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ, ದಾಖಲೆ ಬದಲಾಗ್ತಿದ್ದದ್ದು ತಾಲೂಕಿನಲ್ಲಿ, ಹಳ್ಳಿಯಲ್ಲಿ, ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ. ಕಲಬುರಗಿಯಲ್ಲಿ ಪ್ರಿಂಟ್ ಹೊಡೆಯೋ ಹೊತ್ತಿಗೆ ಅಫಜಲಪುರ ತಾಲೂಕಿನ ಯಾವುದೋ ಹೊಲ ಮಾರಿ ಹೋಗಿರ್ತಿತ್ತು. ಮಷೀನ್ ಇತ್ತು, ಡೇಟಾನೂ ಇತ್ತು, ಉಪಯೋಗ ಇರಲಿಲ್ಲ. ಇವತ್ತಿಗೂ ಎಷ್ಟೋ ಕಂಪನಿಗಳ ಐಟಿ ನಿಂತಿರೋದು ಇದೇ ಮೆಟ್ಟಿಲಲ್ಲಿ. ಹೆಡ್ ಆಫೀಸಿನಲ್ಲಿ ಬಣ್ಣಬಣ್ಣದ ಡ್ಯಾಶ್‌ಬೋರ್ಡ್, ಗೋಡೌನಿನಲ್ಲಿ ಅದೇ ರಟ್ಟಿನ ಪುಸ್ತಕ.

ಬದಲಾವಣೆ ಬಂದದ್ದು ‘ಭೂಮಿ’ ಯೋಜನೆಯಲ್ಲಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಹಿಂದಿದ್ದ ಮುಖ್ಯ ಹೆಸರು, ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದ್ರೆ ಎನ್‌ಐಸಿ. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲು ಮಾಡಿ ನೋಡಿದರು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ರೈತರಿಗೆ ಸೇರಿದ, ಹತ್ತಿರ ಹತ್ತಿರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. 177 ತಾಲೂಕು ಕಚೇರಿಗಳಲ್ಲಿ ಕೌಂಟರ್ ತೆರೆಯಿತು. 15 ರೂಪಾಯಿ ಕೊಟ್ಟು, ಸರ್ವೆ ನಂಬರ್ ಹೇಳಿ, ನಿಂತಲ್ಲೇ ಪಹಣಿ ತಗೋಬಹುದಾಯ್ತು.

ಇಷ್ಟನ್ನ ಎಲ್ಲರೂ ಹೇಳ್ತಾರೆ. ನನಗೆ ಮುಖ್ಯ ಅನ್ಸೋದು ಬೇರೆ ಮೂರ್ನಾಲ್ಕು ಸಣ್ಣ ಸಂಗತಿಗಳು. ಕಂಪ್ಯೂಟರ್ ಪಹಣಿ ಬಂದ ತಾಲೂಕಿನಲ್ಲಿ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲ ಅಂತ ಮಾಡಿದರು. ಅಂದ್ರೆ ಹಳೆ ಪುಸ್ತಕವನ್ನು ಪಕ್ಕದಲ್ಲಿ ಇಟ್ಕೊಂಡು ಆಟ ಆಡೋಕೆ ದಾರಿ ಮುಚ್ಚಿತು. ಕೌಂಟರಿನಲ್ಲಿ ರೈತನ ಕಡೆ ಮುಖ ಮಾಡಿದ ಎರಡನೇ ಸ್ಕ್ರೀನ್ ಇಟ್ಟರು, ಒಳಗೆ ಏನು ಟೈಪ್ ಆಗ್ತಿದೆ ಅಂತ ಅವನಿಗೂ ಕಾಣಲಿ ಅಂತ. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕು, ಹಾಗಾಗಿ ‘ನಾ ಮಾಡಿಲ್ಲ, ಬ್ಯಾರೆ ಯಾರೋ ಮಾಡ್ಯಾರ’ ಅನ್ನೋಕೆ ಬರಲ್ಲ. ಮ್ಯುಟೇಷನ್ ಅರ್ಜಿಗಳನ್ನು ಬಂದ ಸಾಲಿನಲ್ಲೇ ತಗೋಬೇಕು, ಹಿಂದಿನದನ್ನ ಮುಂದೆ ಎಳೆಯೋಕೆ ತಂತ್ರಾಂಶ ಬಿಡಲ್ಲ.

ಗಮನಿಸಿ, ಇದರಲ್ಲಿ ಯಾವುದೂ ದೊಡ್ಡ ತಂತ್ರಜ್ಞಾನ ಅಲ್ಲ. ಎರಡನೇ ಮಾನಿಟರ್‌ಗೆ ಎಂಜಿನಿಯರಿಂಗ್ ಡಿಗ್ರಿ ಬೇಡ. ಆದರೆ ಕೆಲಸದ ನಿಯಮವನ್ನೇ ಮುಟ್ಟುವ ಧೈರ್ಯ ಬೇಕು, ಮುಟ್ಟೋಕೆ ಮೇಲಿನವರು ಬಿಡಬೇಕು. 2002ರಲ್ಲಿ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಜನರನ್ನು ಕೇಳಿ ನೋಡಿದಾಗ, ಹಳೆ ವ್ಯವಸ್ಥೆಯಲ್ಲಿ ಲಂಚ ಕೊಟ್ಟೆವು ಅಂದವರು ನೂರಕ್ಕೆ 66, ಭೂಮಿ ಕೌಂಟರಿನಲ್ಲಿ 3. ಆ ಇಳಿಕೆ ಕಂಪ್ಯೂಟರಿನಿಂದ ಬಂದದ್ದು ಅಂತ ನಾನು ನಂಬಲ್ಲ. ಕಂಪ್ಯೂಟರ್ 1991ರಿಂದಲೂ ಇತ್ತಲ್ಲ!

ಸ್ಟ್ಯಾನ್‌ಫರ್ಡ್‌ನ ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಬರೆದ ಒಂದು ಲೇಖನ ಇಲ್ಲಿ ನೆನಪಾಗುತ್ತೆ. ಅಮೆರಿಕದಲ್ಲಿ ಎಡಿಸನ್ ವಿದ್ಯುತ್ ಕೇಂದ್ರ ತೆರೆದದ್ದು 1882ರಲ್ಲಿ. ಆದರೆ ಕಾರ್ಖಾನೆಗಳಲ್ಲಿ ಅದರ ದೊಡ್ಡ ಲಾಭ ಕಂಡದ್ದು 1920ರ ದಶಕದಲ್ಲಿ. ಯಾಕೆ ಅಷ್ಟು ತಡ? ಮೊದಮೊದಲು ಉಗಿ ಎಂಜಿನ್ ತೆಗೆದು ಅದೇ ಜಾಗದಲ್ಲಿ ಒಂದು ದೊಡ್ಡ ಮೋಟಾರ್ ಕೂರಿಸಿದರು, ಅದೇ ಉದ್ದನೆ ಬೆಲ್ಟುಗಳು, ಅದೇ ಮಹಡಿ ಕಟ್ಟಡ. ಪ್ರತಿ ಯಂತ್ರಕ್ಕೂ ಅದರದೇ ಸಣ್ಣ ಮೋಟಾರ್ ಇಟ್ಟು, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಕಾರ್ಖಾನೆಯನ್ನೇ ಬೇರೆ ಥರ ಕಟ್ಟಿದ ಮೇಲೆ ಲಾಭ ಬಂತು. ಜಿಲ್ಲಾ ಕೇಂದ್ರದ ಕಂಪ್ಯೂಟರ್ ಅಂದ್ರೆ ಆ ದೊಡ್ಡ ಮೋಟಾರ್. ತಾಲೂಕಿನ ಕೌಂಟರ್ ಅಂದ್ರೆ ಆ ಸಣ್ಣ ಮೋಟಾರುಗಳು.

ಭೂಮಿಯಲ್ಲಿ ಎಲ್ಲ ಸರಿಯಾಯ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೈಬರಹದ ಪುಸ್ತಕದಲ್ಲಿದ್ದ ತಪ್ಪು ಹೆಸರು ಕಂಪ್ಯೂಟರಿಗೂ ಹಾಗೇ ಬಂತು, ಅದನ್ನು ತಿದ್ದಿಸೋಕೆ ಮತ್ತೆ ಓಡಾಟ. ತೀರಿಹೋದ ಮುತ್ಯಾನ ಹೆಸರಲ್ಲೇ ಇರುವ ಹೊಲಗಳು ನಮ್ಮಲ್ಲಿ ಇನ್ನೂ ಎಷ್ಟೋ. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ ನೋಡಿ, ದಾಖಲೆ ಒಂದೇ ಕಡೆ ಸಿಗುವಂತಾದದ್ದು ಸಣ್ಣ ರೈತರಿಗಿಂತ ದೊಡ್ಡ ಜಮೀನು ಖರೀದಿದಾರರಿಗೆ ಅನುಕೂಲ ಆಯ್ತು ಅಂತ ಕಟುವಾಗಿ ಬರೆದರು. ಅಫಜಲಪುರ ಬೆಂಗಳೂರಿನ ಪಕ್ಕದಲ್ಲಿಲ್ಲ, ನಮ್ಮ ತೊಗರಿ ಹೊಲಕ್ಕೆ ಲೇಔಟ್ ಮಾಡೋರು ಸಾಲು ಹಚ್ಚಿಲ್ಲ. ಆದರೂ ಆ ಟೀಕೆ ಕಂಪನಿ ಐಟಿಗೂ ತಾಗುತ್ತೆ. ‘ಲಾಭ ಆಯ್ತು’ ಅಂದಾಗ ಯಾರಿಗೆ ಆಯ್ತು ಅಂತ ಕೇಳದಿದ್ದರೆ ಲೆಕ್ಕ ಅರ್ಧ.

ಬ್ಯಾಂಕು: ಸಹಾಯಕನೇ ಅಂಗಡಿಯಾದ ಬಗೆ

ಈಗ ನಿಜವಾದ ಕಂಪನಿಗಳ ಕಡೆ ಬರೋಣ. ಐಟಿ ವಿಭಾಗ ಮೂಲೆಯಿಂದ ನಡುಮನೆಗೆ ಬಂದದ್ದನ್ನು ನೋಡಬೇಕಂದ್ರೆ ಬ್ಯಾಂಕಿಗಿಂತ ಒಳ್ಳೆ ಉದಾಹರಣೆ ಇಲ್ಲ.

1984ರಲ್ಲಿ ರಿಸರ್ವ್ ಬ್ಯಾಂಕಿನ ರಂಗರಾಜನ್ ಸಮಿತಿ ಬ್ಯಾಂಕುಗಳಲ್ಲಿ ಯಂತ್ರ ತರುವ ಬಗ್ಗೆ ವರದಿ ಕೊಟ್ಟಿತು. ಕೆಲಸ ಹೋಗುತ್ತೆ ಅಂತ ನೌಕರರ ಸಂಘಗಳಿಗೆ ಭಯ ಇತ್ತು, ಹಾಗಾಗಿ ಒಪ್ಪಂದ ಮಾಡ್ಕೊಂಡೇ ಹೆಜ್ಜೆ ಇಟ್ಟರು. ಮೊದಲು ಬಂದದ್ದು ಲೆಡ್ಜರ್ ಬರೆಯುವ ಯಂತ್ರಗಳು. ಗುಮಾಸ್ತ ಕೈಯಲ್ಲಿ ಬರೀತಿದ್ದದ್ದನ್ನೇ ಅದು ಬೇಗ ಬರೀತಿತ್ತು, ಅಷ್ಟೇ. ಆಮೇಲೆ ಇಡೀ ಶಾಖೆಯ ಕೆಲಸ ಕಂಪ್ಯೂಟರಿಗೆ ಬಂತು. ಆದರೂ ಪ್ರತಿ ಶಾಖೆ ಒಂದೊಂದು ನಡುಗಡ್ಡೆ. ಹಳ್ಳಿ ಶಾಖೆಯಲ್ಲಿ ಖಾತೆ ಇದ್ದವರು ಕಲಬುರಗಿಯಲ್ಲಿ ದುಡ್ಡು ತೆಗೆಯಬೇಕಂದ್ರೆ ಡಿಡಿ ಮಾಡಿಸಬೇಕು. ಆಸ್ಪತ್ರೆ ಖರ್ಚಿಗೆ ದುಡ್ಡು ಕಳಿಸೋರು ಬಸ್ಸಿನಲ್ಲಿ ಬರೋರ ಕೈಯಲ್ಲೇ ಕೊಟ್ಟು ಕಳಿಸೋರು.

ಕೋರ್ ಬ್ಯಾಂಕಿಂಗ್ ಬಂದಾಗ ಎಲ್ಲ ಶಾಖೆಗಳ ಖಾತೆಗಳೂ ಒಂದೇ ಕಡೆ ಸೇರಿದವು. ಬೆಂಗಳೂರಿನ ಇನ್ಫೋಸಿಸ್ ಮಾಡಿದ ಫಿನಾಕಲ್ ಇಂಥದ್ದೇ ತಂತ್ರಾಂಶ, ಹೊರದೇಶಗಳ ಬ್ಯಾಂಕುಗಳೂ ಅದನ್ನ ಬಳಸ್ತವೆ. ಇಲ್ಲಿ ಆದ ಬದಲಾವಣೆ ಒಂದೇ ಸಾಲಿನದು: ನೀವು ಒಂದು ಶಾಖೆಯ ಗಿರಾಕಿ ಆಗಿದ್ದೋರು ಇಡೀ ಬ್ಯಾಂಕಿನ ಗಿರಾಕಿ ಆದಿರಿ. ಹಳೇ ಯಂತ್ರ ಗುಮಾಸ್ತನ ಕೈ ನೋವು ಕಡಿಮೆ ಮಾಡಿತ್ತು. ಇದು ಬ್ಯಾಂಕ್ ಮಾರುವ ವಸ್ತುವನ್ನೇ ಬದಲು ಮಾಡಿತು.

ಹೈದರಾಬಾದ್ ಕರ್ನಾಟಕದ ನಮಗೆ ಹಳೆ ಪರಿಚಯದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ ಸೇರಿತು. ಮೈಸೂರು ಬ್ಯಾಂಕೂ ಅವತ್ತೇ ಸೇರಿತು. ಬೋರ್ಡು ಬದಲಾಯಿತು ಅಂತ ಹಿರಿಯರು ಬೇಜಾರಾದರು. ಆದರೆ ಇವೆಲ್ಲ ಮೊದಲೇ ಒಂದೇ ಥರದ ಕೋರ್ ಬ್ಯಾಂಕಿಂಗ್ ತಂತ್ರಾಂಶದ ಮೇಲೆ ನಡೀತಿದ್ದದ್ದರಿಂದ ಅಷ್ಟು ದೊಡ್ಡ ವಿಲೀನ ಸಾಧ್ಯವಾದದ್ದು. ವರ್ಷಗಳ ಹಿಂದೆ ಐಟಿಯವರು ಹಾಕಿದ ಬುನಾದಿ ಆಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮುಂದಿನದು ನಿಮಗೆ ಗೊತ್ತೇ ಇದೆ. 2005ರಲ್ಲಿ ನೆಫ್ಟ್, 2010ರಲ್ಲಿ ಐಎಂಪಿಎಸ್, 2016ರಲ್ಲಿ ಯುಪಿಐ. ನೆಫ್ಟ್ ಮೊದಲು ಬ್ಯಾಂಕ್ ಹೊತ್ತಿನಲ್ಲಷ್ಟೇ, ಭಾನುವಾರ ಇಲ್ಲ. 2019ರ ಡಿಸೆಂಬರ್ 16ರಿಂದ ಹಗಲೂ ರಾತ್ರಿ, ವರ್ಷವಿಡೀ. ಜಾತ್ರೆಯಲ್ಲಿ ಬೆಂಡು-ಬತ್ತಾಸು ಮಾರುವವರೂ ಕ್ಯೂಆರ್ ಕೋಡ್ ನೇತು ಹಾಕಿರೋ ಕಾಲ ಇದು. ಈಗ ರಾತ್ರಿ ಎರಡಕ್ಕೆ ಸರ್ವರ್ ನಿಂತರೆ ‘ಐಟಿ ಸಮಸ್ಯೆ’ ಅಲ್ಲ, ಬ್ಯಾಂಕಿನ ಬಾಗಿಲೇ ಮುಚ್ಚಿದಂಗೆ.

ಇದು ಎಷ್ಟು ಗಂಭೀರ ಅನ್ನೋದಕ್ಕೆ ಎಚ್‌ಡಿಎಫ್‌ಸಿ ಬ್ಯಾಂಕಿನ ಪ್ರಸಂಗ ನೋಡಿ. 2020ರ ನವೆಂಬರ್ 21ರಂದು ಅದರ ಮುಖ್ಯ ಡೇಟಾ ಸೆಂಟರ್‌ನಲ್ಲಿ ಕರೆಂಟ್ ಹೋಗಿ ಸೇವೆ ನಿಂತಿತು. ಅದಕ್ಕೂ ಹಿಂದೆ ಎರಡು ವರ್ಷಗಳಲ್ಲಿ ಹೀಗೆ ಆಗಿತ್ತು. ಡಿಸೆಂಬರ್ ಮೊದಲ ವಾರವೇ ರಿಸರ್ವ್ ಬ್ಯಾಂಕ್ ಆದೇಶ ಕೊಟ್ಟಿತು: ಹೊಸ ಡಿಜಿಟಲ್ ಸೇವೆ ಬೇಡ, ಹೊಸ ಕ್ರೆಡಿಟ್ ಕಾರ್ಡ್ ಗಿರಾಕಿಗಳು ಬೇಡ. ಕಾರ್ಡ್ ಮಾರೋಕೆ ಮತ್ತೆ ಅನುಮತಿ ಸಿಕ್ಕಿದ್ದು 2021ರ ಆಗಸ್ಟ್‌ನಲ್ಲಿ, ಪೂರ್ತಿ ನಿರ್ಬಂಧ ತೆರವಾದದ್ದು 2022ರ ಮಾರ್ಚ್‌ನಲ್ಲಿ. ಸಾಲ ಕೊಡೋದರಲ್ಲಿ ಅಲ್ಲ, ಸರ್ವರ್ ನಡೆಸೋದರಲ್ಲಿ ಎಡವಿದ್ದಕ್ಕೆ ದೇಶದ ದೊಡ್ಡ ಖಾಸಗಿ ಬ್ಯಾಂಕಿನ ವ್ಯಾಪಾರಕ್ಕೆ ಬೇಲಿ ಬಿತ್ತು.

ಹಸಿರು ಡ್ಯಾಶ್‌ಬೋರ್ಡ್, ನಿಂತ ಲಾರಿ

ನಾನು ಹಿಂದೆ ಇದ್ದ ಒಂದು ಕಂಪನಿಯ ಮಾತು, ಹೆಸರು ಬೇಡ. ಅಲ್ಲಿ ಐಟಿ ವಿಭಾಗ ಚೆನ್ನಾಗಿದೆಯೋ ಇಲ್ಲವೋ ಅಂತ ಅಳೀತಿದ್ದದ್ದು ಒಂದೇ ಅಂಕಿಯಿಂದ. ಬಂದ ದೂರುಗಳಲ್ಲಿ ನಾಲ್ಕು ಗಂಟೆಯೊಳಗೆ ಎಷ್ಟು ಮುಗಿಸಿದಿರಿ? ನಮ್ಮ ಡ್ಯಾಶ್‌ಬೋರ್ಡ್ ಯಾವಾಗಲೂ ಹಸಿರು. ಅದೇ ಹೊತ್ತಿಗೆ ಗೇಟಿನ ಹತ್ತಿರ ಲಾರಿಗಳು ಸಾಲಾಗಿ ನಿಂತಿರ್ತಿದ್ದವು, ಡ್ರೈವರುಗಳು ಕೆಳಗೆ ಚಾದರ ಹಾಸ್ಕೊಂಡು ಮಲಗಿರ್ತಿದ್ದರು. ಬಿಲ್ ಆಗದೆ ಲಾರಿ ಬಿಡಂಗಿಲ್ಲ.

ನಮ್ಮ ಟೀಮಿನ ಒಬ್ಬಾಕೆ ಒಂದಿನ ಫೋನ್ ಎತ್ತೋದು ಬಿಟ್ಟು ಕಾಂಟಾದ ಹತ್ತಿರ ಹೋಗಿ ಕೂತಳು. ಕಬ್ಬು ಕಳಿಸೋ ನಮ್ಮ ಕಡೆಯವರಿಗೆ ಕಾಂಟಾ ಅಂದ್ರೆ ಏನು, ಅಲ್ಲಿ ಎಷ್ಟು ಹೊತ್ತು ಹೋಗುತ್ತೆ ಅಂತ ಹೇಳಬೇಕಿಲ್ಲ. ಆಕೆ ನೋಡಿದ್ದು ಇಷ್ಟು: ಕಾಂಟಾದ ಸ್ಕ್ರೀನಿನಲ್ಲಿ ಬಂದ ತೂಕವನ್ನು ಹುಡುಗನೊಬ್ಬ ಚೀಟಿಯಲ್ಲಿ ಬರ್ಕೊಂಡು, ಪಕ್ಕದ ಕಂಪ್ಯೂಟರಿನಲ್ಲಿ ಮತ್ತೆ ಟೈಪ್ ಮಾಡ್ತಿದ್ದ. ಒಂದು ಅಂಕಿ ತಪ್ಪಿದರೆ ಬಿಲ್ ತಿರಸ್ಕಾರ, ಕೂಡಲೇ ಐಟಿಗೆ ದೂರು. ನಾವು ಅದನ್ನ ಅರ್ಧ ಗಂಟೆಯಲ್ಲಿ ಸರಿ ಮಾಡಿ ಹಸಿರು ಬಣ್ಣ ಹಚ್ಚಿಕೊಳ್ತಿದ್ವಿ. ಮರುದಿನ ಅದೇ ದೂರು.

ಕಾಂಟಾದಿಂದ ತೂಕ ನೇರ ಬಿಲ್ಲಿಗೆ ಹೋಗುವಂಗೆ ಜೋಡಿಸಿದ ಮೇಲೆ ಲಾರಿ ಸಾಲು ಕರಗಿತು, ದೂರುಗಳೂ ಕಮ್ಮಿ ಆದವು. ಆಮೇಲೆ ನಡೆದದ್ದು ಕೇಳಿ. ತಿಂಗಳ ಮೀಟಿಂಗಿನಲ್ಲಿ ದೊಡ್ಡವರು ಕೇಳಿದರು, ‘ಯಾಕೆ, ಈ ತಿಂಗಳು ನೀವು ಮುಗಿಸಿದ ಟಿಕೆಟ್ ಸಂಖ್ಯೆ ಇಷ್ಟು ಕಡಿಮೆ?’

ಬೆಂಗಳೂರಿನ ಸಾಫ್ಟ್‌ವೇರ್ ಲೋಕಕ್ಕೆ ‘ಪಕ್ವತೆ’ ಅನ್ನೋ ಪದ ಹೊಸದಲ್ಲ. ಅಮೆರಿಕದ ಕಾರ್ನೆಗಿ ಮೆಲನ್‌ನಲ್ಲಿ ಹುಟ್ಟಿದ ಸಿಎಂಎಂ ಅನ್ನೋ ಐದು ಹಂತದ ಅಳತೆಯಲ್ಲಿ ಮೊಟೊರೊಲಾದ ಬೆಂಗಳೂರು ಘಟಕ 1993ರಲ್ಲೇ ಐದನೇ ಹಂತ ಮುಟ್ಟಿತ್ತು. ಜಗತ್ತಿನಲ್ಲೇ ಮೊದಮೊದಲಿನವರಲ್ಲಿ ಒಂದು. ಹೆಮ್ಮೆಯ ಮಾತೇ. ಆದರೆ ಅದು ಅಳೆಯೋದು ಕೆಲಸವನ್ನು ಎಷ್ಟು ಶಿಸ್ತಾಗಿ ಮಾಡ್ತೀರಿ ಅನ್ನೋದನ್ನು. ಆ ಕೆಲಸ ಮಾಡಬೇಕಿತ್ತೋ ಇಲ್ಲವೋ ಅನ್ನೋದನ್ನಲ್ಲ. ನಾಲ್ಕು ಗಂಟೆಯಲ್ಲಿ ದೂರು ಮುಗಿಸೋದು ಶಿಸ್ತು, ದೂರೇ ಹುಟ್ಟದಂಗೆ ಮಾಡೋದು ಬೇರೆ ವಿದ್ಯೆ. ಎರಡನೆಯದಕ್ಕೆ ಐಟಿಯವರು ಕುರ್ಚಿ ಬಿಟ್ಟು ಏಳಬೇಕು, ಎದ್ದು ಹೋದವರನ್ನು ‘ನಿನಗ್ಯಾಕೆ ಗೇಟಿನ ಉಸಾಬರಿ’ ಅಂತ ಗದರದಿರೋ ಮ್ಯಾನೇಜರ್ ಇರಬೇಕು.

ಇದು ದೊಡ್ಡ ಕಂಪನಿಗಳ ಗೋಳು ಮಾತ್ರ ಅಲ್ಲ. ಕಲಬುರಗಿಯ ದಾಲ್ ಮಿಲ್‌ಗಳಲ್ಲಿ, ಅಡತಿ ಅಂಗಡಿಗಳಲ್ಲಿ ಬೆಂಗಳೂರಿನದೇ ತಯಾರಿಕೆಯಾದ ಟ್ಯಾಲಿ ಇರುತ್ತೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲಂತೂ ಇಲ್ಲದೆ ನಡೆಯಲ್ಲ. ಆದರೆ ಹೆಚ್ಚಿನವರಿಗೆ ಅದು ಆಡಿಟರ್‌ಗೆ ಕೊಡೋ ಲೆಕ್ಕ ಅಷ್ಟೇ. ಯಾರ ಉದ್ರಿ ಎಷ್ಟು ದಿನದಿಂದ ಬಾಕಿ, ಯಾವ ತಿಂಗಳು ಬೇಳೆ ದಾಸ್ತಾನು ಸುಮ್ಮನೆ ಕೂತಿತ್ತು, ಎಲ್ಲ ಅದರೊಳಗೇ ಇದೆ. ತೆಗೆದು ನೋಡೋರು ಕಮ್ಮಿ.

ಬೋಜಾ ಇಳಿಸೋದು

ಎಲ್ಲಕ್ಕಿಂತ ಕಷ್ಟದ ಮೆಟ್ಟಿಲು ಅಂದ್ರೆ ಎರಡು ಸಂಸ್ಥೆಗಳ ಲೆಕ್ಕ ಒಂದಕ್ಕೊಂದು ಮಾತಾಡೋದು. ನಮ್ಮ ಕಡೆ ಅದಕ್ಕೆ ಒಂದೇ ಪದ ಸಾಕು, ಬೋಜಾ.

ಬೆಳೆ ಸಾಲ ತಗೊಂಡರೆ ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು, ಸಾಲದ ಮೊತ್ತ ಏರುತ್ತೆ. ಬ್ಯಾಂಕ್ ತನ್ನ ಕಡೆ ಕಂಪ್ಯೂಟರ್ ಮಾಡ್ಕೊಂಡಿತ್ತು, ಕಂದಾಯ ಇಲಾಖೆ ತನ್ನ ಕಡೆ ಮಾಡ್ಕೊಂಡಿತ್ತು. ನಡುವೆ ಕಾಗದ ಹೊತ್ಕೊಂಡು ಓಡಾಡೋದು ಯಾರು? ರೈತ. ಸಾಲ ತೀರಿಸಿದ ಮೇಲೂ ಬ್ಯಾಂಕಿನ ಪತ್ರ ತಾಲೂಕು ಕಚೇರಿಗೆ ಮುಟ್ಟಿ ಬೋಜಾ ಇಳಿಯೋ ತನಕ ಆ ಹೊಲದ ಮೇಲೆ ಬೇರೆ ಕಡೆ ಸಾಲ ಹುಟ್ಟಲ್ಲ, ಅಣ್ಣ-ತಮ್ಮರು ಪಾಲು ಮಾಡ್ಕೊಳ್ಳೋಕೂ ತೊಡಕು. ಎರಡೂ ಕಡೆ ಒಳ್ಳೆ ಕಂಪ್ಯೂಟರ್ ಇದ್ದೂ ಮಗಳ ಮದುವೆ ಹೊತ್ತಿಗೆ ದುಡ್ಡು ಸಿಗದೆ ಪರದಾಡಿದವರು ನಮ್ಮ ಹೋಬಳಿಯಲ್ಲಿ ಯಾರನ್ನ ಕೇಳಿದರೂ ಸಿಗ್ತಾರೆ.

2018ರ ಸಾಲ ಮನ್ನಾ ಈ ಜೋಡಣೆಗೆ ಒಂದು ದೊಡ್ಡ ಪರೀಕ್ಷೆ ಆಯ್ತು. ಭೂಮಾಪನ ಮತ್ತು ಭೂದಾಖಲೆ ಇಲಾಖೆಯವರು ಬ್ಯಾಂಕ್ ಶಾಖೆಗಳಿಂದ ಸಾಲದ ವಿವರ ತಗೊಂಡು, ಆಧಾರ್, ರೇಷನ್ ಕಾರ್ಡ್, ಪಹಣಿ ಮೂರರ ಜೊತೆ ತಾಳೆ ನೋಡುವ ವ್ಯವಸ್ಥೆ ಮಾಡಿದರು. ಒಂದೇ ಕುಟುಂಬಕ್ಕೆ ಎರಡು ಸಲ ಹೋಗದಂತೆ ರೇಷನ್ ಕಾರ್ಡ್, ಹೊಲ ಇದೆಯೋ ಅಂತ ನೋಡೋಕೆ ಪಹಣಿ. ಹೆಸರಿನ ಕಾಗುಣಿತ ಹೊಂದದೆ ಅರ್ಜಿ ಸಿಕ್ಕಿಹಾಕ್ಕೊಂಡು ಅಲೆದವರೂ ಇದ್ದರು, ಅದು ಬೇರೆ ನೋವು. ಆದರೆ ಮೂರು ಇಲಾಖೆಗಳ ದಾಖಲೆ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟದ್ದು ಸಣ್ಣ ಸಂಗತಿ ಅಲ್ಲ.

ಈಗ ‘ಫ್ರೂಟ್ಸ್’ ಇದೆ. ರೈತನಿಗೆ ಒಂದು ಗುರುತಿನ ಸಂಖ್ಯೆ, ಅದಕ್ಕೆ ಅವನ ಎಲ್ಲ ಸರ್ವೆ ನಂಬರುಗಳ ಜೋಡಣೆ. ಬೆಂಬಲ ಬೆಲೆಗೆ ತೊಗರಿ ಕೊಡೋಕೆ ಹೆಸರು ಹಚ್ಚಿಸುವಾಗ ಕೇಳೋದು ಇದನ್ನೇ. ಬೆಳೆ ಹಾನಿ ಪರಿಹಾರಕ್ಕೂ ಇದೇ. ಬ್ಯಾಂಕಿನವರು ಬೋಜಾ ಏರಿಸೋದು, ಇಳಿಸೋದನ್ನು ಇದರ ಮೂಲಕ ಆನ್‌ಲೈನಿನಲ್ಲೇ ಭೂಮಿಗೆ ಕಳಿಸೋಕೆ ಬರುತ್ತೆ. ಹೊಸ ಸಾಲಗಳಿಗೆ ಇದು ಅನುಕೂಲ. ಹಳೆ ಕಾಗದದ ಕಾಲದಲ್ಲಿ ಏರಿದ ಬೋಜಾಗಳು ತಾವಾಗೇ ಇಳಿಯಲ್ಲ.

ಹಾಗಾಗಿ ಒಂದು ಕೆಲಸ ಮಾಡಿ. ಭೂಮಿ ವೆಬ್‌ಸೈಟಿನಲ್ಲಿ ದುಡ್ಡು ಕೊಡದೇ ನಿಮ್ಮ ಪಹಣಿ ನೋಡಬಹುದು. ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರ್ ಹಾಕಿ 11ನೇ ಕಾಲಂ ಓದಿ. ಅಪ್ಪ ಎಂದೋ ತೀರಿಸಿದ ಸಾಲ ಅಲ್ಲಿ ಇನ್ನೂ ಕೂತಿದ್ದರೆ ಮೊದಲು ಹೋಗಬೇಕಾದ್ದು ತಾಲೂಕು ಕಚೇರಿಗೆ ಅಲ್ಲ, ಸಾಲ ಕೊಟ್ಟ ಶಾಖೆಗೆ. ಬಾಕಿ ಇಲ್ಲ ಅನ್ನೋ ಪತ್ರ ಬರೆಸ್ಕೊಳ್ಳಿ. ಬೋಜಾ ಇಳಿಸೋ ಕೋರಿಕೆಯನ್ನು ಅವರೇ ಆನ್‌ಲೈನಿನಲ್ಲಿ ಕಳಿಸ್ತಾರಾ ಅಂತ ಅಲ್ಲೇ ಕೇಳಿ. ಕಳಿಸ್ತೀವಿ ಅಂದ್ರೆ ತಿಂಗಳೊಪ್ಪತ್ತು ಬಿಟ್ಟು ಮತ್ತೊಮ್ಮೆ ಪಹಣಿ ತೆಗೆದು ನೋಡಿ. ಇಲ್ಲ ಅಂದ್ರೆ ಆ ಪತ್ರದ ಒಂದು ಜೆರಾಕ್ಸ್ ಮನೆಯಲ್ಲಿಟ್ಟು, ಅಸಲು ಹಿಡ್ಕೊಂಡು ಭೂಮಿ ಕೌಂಟರಿಗೆ ಹೋಗಿ.